ನಕಾಶೆಯು ಯಾರ ಸ್ವತ್ತು?

1799ರಲ್ಲಿ ಶ್ರೀರಂಗಪಟ್ಟಣವು ಕೈವಶವಾದೊಡನೆಯೇ ಕಂಪೆನಿಯವರು ಮೈಸೂರು ಸೀಮೆಯ ಮೋಜಣಿಗೆ ತೊಡಗಿದರು. ಕಾಲಿನ್ ಮೆಕೆಂಜಿಯು ವರ್ಷಾನುಗಟ್ಟಲೆ ನಾಡನ್ನು ಅಳೆಯಿಸಿ ನಕಾಶೆಗಳನ್ನು ಸಿದ್ಧಪಡಿಸಿದನು. ಅವು ಆಳುವವರ ಉಪಯೋಗಕ್ಕೆ ಹುಟ್ಟಿದವುಗಳೇ ಹೊರತು ಪ್ರಜೆಗಳ ಉಪಯೋಗಕ್ಕಲ್ಲ. ಸ್ವರಾಜ್ಯವು ಬಂದು ಮುಕ್ಕಾಲು ಶತಮಾನವು ಕಳೆದ ಮೇಲಾದರೂ ಈ ಭೇದವು ಅಳಿಯಬೇಡವೇ?

ಗುಂಡ್ಲುಪೇಟೆ ತಾಲ್ಲೂಕನ್ನೇ ನೋಡಬಹುದು. ಬಂಡೀಪುರದ ಹುಲಿ ರಕ್ಷಿತಾರಣ್ಯದ ಸುತ್ತಣ ಪ್ರದೇಶವನ್ನು ಕೇಂದ್ರ ಸರಕಾರವು 2012ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಆ ಗೆರೆಯೊಳಗೆ ಗಣಿಗಾರಿಕೆಗೆ ತಡೆಯಿದೆ, ಕಟ್ಟಡಗಳಿಗೆ ನಿರ್ಬಂಧಗಳಿವೆ. ಅರಣ್ಯರಕ್ಷಣೆಗೆ ಇದು ಆವಶ್ಯಕವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಗೆರೆಯೊಂದು ರೈತನ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುವುದಾದರೆ, ತನ್ನ ಹೊಲವು ಅದರ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅವನು ಯಾರ ಮುಲಾಜೂ ಇಲ್ಲದೆ ತಿಳಿಯುವಂತಿರಬೇಕು.

ಇದೇನೂ ಅಸಾಧ್ಯವಲ್ಲ. ಸರ್ವೆ ನಂಬರುಗಳ ಎಲ್ಲೆಗಳೂ ವಲಯದ ಗೆರೆಯೂ ಅಕ್ಷಾಂಶ ರೇಖಾಂಶಗಳ ಅಂಕಿಗಳಾಗಿ ದೊರೆತರೆ, ಒಂದರ ಮೇಲೊಂದನ್ನಿರಿಸಿ, ಒಳಗೆ ಬೀಳುವ ನಂಬರುಗಳು ಯಾವುವೆಂದು ಗಣಕಯಂತ್ರವನ್ನು ಕೇಳಬಹುದು. ಚಾಮರಾಜನಗರದಲ್ಲಿ, ಅಂಗನವಾಡಿಯಿಂದ ಅರ್ಧ ಕಿಲೋಮೀಟರಿಗಿಂತ ದೂರವಿರುವ ಮನೆಗಳೆಷ್ಟೆಂದು ಕೇಳುವುದೂ ಇದೇ ಕ್ರಮದಿಂದ. ಬಂದ ಉತ್ತರವನ್ನು ಅಂತರಜಾಲದ ನಕಾಶೆಯಾಗಿ ಎಲ್ಲರಿಗೂ ತೋರಿಸಬಹುದು. ಬರಿಯ ಚಿತ್ರವಾಗಿರುವ ನಕಾಶೆಯನ್ನಾದರೋ ನೋಡಬಹುದೇ ಹೊರತು ಹೀಗೆ ಪ್ರಶ್ನಿಸಲಾಗದು.

ರಾಜ್ಯ ಸರಕಾರದ ‘ದಿಶಾಂಕ್’ ಸಾಧನವು ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತಿರುವುದು ಶ್ಲಾಘನೀಯವೇ ಸರಿ. ಆದರೆ ಒಂದು ನಂಬರನ್ನು ತೋರಿಸುವುದು ಬೇರೆ, ಮೂಲ ಅಂಕಿಗಳನ್ನೇ ಸಾರ್ವಜನಿಕರ ಕೈಗೊಪ್ಪಿಸುವುದು ಬೇರೆ. 2021ರ ಫೆಬ್ರವರಿಯಲ್ಲಿ ಕೇಂದ್ರವು ನಕಾಶೆ ರಚನೆಗಿದ್ದ ಪೂರ್ವಾನುಮತಿಯ ಕಟ್ಟನ್ನು ಭಾರತೀಯರ ಮಟ್ಟಿಗೆ ಸಡಿಲಿಸಿತು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯನ್ನೂ ಪ್ರಕಟಿಸಿತು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಉದ್ಯಮದಲ್ಲಿ ಸಾಮಾನ್ಯರೇ ಜಗತ್ತಿನ ನಕಾಶೆಯನ್ನು ಬರೆಯುತ್ತಿರುವರು. ಹೀಗಿರಲು ಜಿಲ್ಲೆಯ ಕಚೇರಿಗಳು ಹಿಂಜರಿಯಲು ಕಾರಣವಿಲ್ಲ.

ಎಲ್ಲವನ್ನೂ ಬಯಲು ಮಾಡಬೇಕೆಂದು ನಾವು ಹೇಳುವುದಿಲ್ಲ. ಖಾತೆದಾರರ ಹೆಸರುಗಳು ಅದರಲ್ಲಿ ಬೇಡ. ಹುಲಿಯ ನೆಲೆಗಳು ಕಳ್ಳಬೇಟೆಗಾರರಿಗೆ ತಿಳಿಯುವುದೂ ಬೇಡ. ಹಳೆಯ ಅಳತೆಗಳಲ್ಲಿ ತಪ್ಪುಗಳಿವೆಯೆಂದು ಅಧಿಕಾರಿಗಳು ಅಂಜಬಹುದು. ತಪ್ಪು ತಿದ್ದಲ್ಪಡುವುದು ಹತ್ತು ಜನ ನೋಡಿದಾಗಲೇ, ಬೀರುವಿನೊಳಗಲ್ಲ.

ಮೊದಲು ವಾರ್ಡು, ಕೊಳಾಯಿ, ಚರಂಡಿಗಳ ಅಂಕಿಗಳನ್ನು ಪುರಸಭೆಗಳೂ, ವಲಯದ ಗೆರೆಯನ್ನು ಜಿಲ್ಲಾಡಳಿತವೂ ಕನ್ನಡದ ವಿವರಣೆಯೊಡನೆ ಪ್ರಕಟಿಸಲಿ. ನೆಲವನ್ನು ಉಳುವವನಿಗೆ ಅದರ ನಕಾಶೆಯನ್ನು ಪ್ರಶ್ನಿಸುವ ಅಧಿಕಾರವೂ ಇರಬೇಕು. ಅದನ್ನು ದಾನವೆಂದಲ್ಲ, ಹಕ್ಕೆಂದೇ ಕೊಡತಕ್ಕದ್ದು.