ಕೆಡವುವ ಮೊದಲು ದುರಸ್ತಿ ಮಾಡಿ ತೋರಿಸಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯನ್ನು ಕಣ್ಣಾರೆ ನೋಡದವರೂ ಜಂಬೂಸವಾರಿಯ ದಿನ ಟಿ.ವಿ.ಯಲ್ಲಿ ನೋಡಿರುತ್ತಾರೆ. ಅರಮನೆಯಿಂದ ಹೊರಟ ಅಂಬಾರಿ ನಾಲ್ವಡಿಯವರ ಪ್ರತಿಮೆಯಿರುವ ಕೆ.ಆರ್. ವೃತ್ತ ದಾಟಿ, ದೇವರಾಜ ಮಾರುಕಟ್ಟೆಯ ಪಕ್ಕದಲ್ಲಿ ಸಾಗಿ, ಆಯುರ್ವೇದ ಆಸ್ಪತ್ರೆಯ ಮುಂದೆ ಹಾದು ಬನ್ನಿಮಂಟಪ ಸೇರುವುದು ಇದೇ ದಾರಿಯಲ್ಲಿ. ಈಗ ಆ ಮಾರುಕಟ್ಟೆಯನ್ನೂ ಚಿಕ್ಕ ಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡವನ್ನೂ ನೆಲಸಮ ಮಾಡಬೇಕಂತೆ. ಇದು ತಪ್ಪು ನಿರ್ಧಾರ.

ಕೆಡವಬೇಕು ಎನ್ನುವವರ ಬಳಿ ಒಂದು ಗಟ್ಟಿ ಕಾರಣವಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಜೀವಕ್ಕಿಂತ ಕಟ್ಟಡ ದೊಡ್ಡದೆಂದು ಯಾರೂ ಹೇಳುತ್ತಿಲ್ಲ. ಆದರೆ ಆ ಗೋಡೆಗಳನ್ನು ಬೀಳಿಸಿದ್ದು ವಯಸ್ಸಲ್ಲ, ಅಲಕ್ಷ್ಯ. ಗಾರೆಯ ಗೋಡೆ, ಮದರಾಸು ತಾರಸಿ ವರ್ಷವರ್ಷವೂ ಆರೈಕೆ ಬೇಡುತ್ತವೆ. ಸಂದಿಯಲ್ಲಿ ಬೇರುಬಿಟ್ಟ ಅರಳಿ ಸಸಿಯನ್ನು ಕೀಳದಿದ್ದರೆ, ಸೋರುವ ನೀರನ್ನು ತಡೆಯದಿದ್ದರೆ ಮರದ ತೊಲೆ ಕೊಳೆಯುತ್ತದೆ, ಗಾರೆ ಉದುರುತ್ತದೆ. ಮಳಿಗೆಗಳ ಬಾಡಿಗೆ ಎಣಿಸಿಕೊಂಡ ಪಾಲಿಕೆಗೆ ಈ ಕೆಲಸ ಯಾರು ಕಲಿಸಬೇಕಿತ್ತು?

ಸರಿಪಡಿಸಬಹುದು ಎಂದು ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಹೇಳಿತ್ತು. ಸಾಧ್ಯವಿಲ್ಲ ಎಂದವರೂ ಇದ್ದರು. ಹೈಕೋರ್ಟ್ 2023ರಲ್ಲಿ ಕೆಡವಲು ಅಡ್ಡಿಯಿಲ್ಲ ಎಂದಿತು. ಗೌರವದಿಂದಲೇ ಹೇಳುತ್ತೇನೆ, ಅನುಮತಿ ಸಿಕ್ಕ ಮಾತ್ರಕ್ಕೆ ಕೆಡವಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ವಿರೋಧಿಸಿದರು. ಆ ಕೆಂಪು ಕಟ್ಟಡದಲ್ಲಿ ಇವತ್ತಿಗೂ ಕಲಾಪ ನಡೆಯುತ್ತಿದೆ.

'ಅದೇ ಮಾದರಿಯಲ್ಲಿ ಮತ್ತೆ ಕಟ್ಟುತ್ತೇವೆ' ಎಂಬ ಭರವಸೆಯನ್ನು ನಾನು ನಂಬುವುದಿಲ್ಲ. ಕಮಾನನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬಹುದು. ಆದರೆ ಮಲ್ಲಿಗೆ ಕಟ್ಟುವವರು, ಚಿಗುರೆಲೆ ಜೋಡಿಸುವವರು, ನಂಜನಗೂಡು ರಸಬಾಳೆ ಮಾರುವವರು, ಕುಂಕುಮದ ಗುಡ್ಡೆ ಪೇರಿಸಿಟ್ಟವರು ವರ್ಷಗಟ್ಟಲೆ ತಗಡಿನ ಶೆಡ್ಡಿನಲ್ಲಿ ಕಾಯಬೇಕು. ಕಟ್ಟಡ ಎದ್ದ ಮೇಲೆ ಹೊಸ ಬಾಡಿಗೆ ಕೊಡಬಲ್ಲವರು ಎಷ್ಟು ಮಂದಿ ಉಳಿದಿರುತ್ತಾರೆ? 1892ರ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳು ಚೆದುರಿದ್ದನ್ನು ಮೈಸೂರಿಗರು ಈಗಾಗಲೇ ನೋಡಿದ್ದಾರೆ.

ಈ ಎರಡು ಕಟ್ಟಡಗಳ ನಿರ್ವಹಣೆಗೆ ಇಷ್ಟು ವರ್ಷ ಖರ್ಚಾದ ಹಣದ ಲೆಕ್ಕವನ್ನು ಪಾಲಿಕೆ ಜನರ ಮುಂದಿಡಲಿ. ಗಾರೆ ಕೆಲಸ ಬಲ್ಲವರನ್ನು ಕರೆಸಿ ಮಾರುಕಟ್ಟೆಯ ಒಂದು ಸಾಲನ್ನಾದರೂ ದುರಸ್ತಿ ಮಾಡಿಸಲಿ. ಅಲ್ಲಿಯವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟಬಾರದು.