ಏರ್‌ಪೋರ್ಟ್ ಕ್ಯಾಬ್: ವಾಪಸ್ ಬರೋ ಲೆಕ್ಕ

“ಏರ್‌ಪೋರ್ಟ್ ಅಂದ್ರೆ ಸಾಕು, ಡ್ರೈವರ್‌ಗಳು ಕ್ಯಾನ್ಸಲ್ ಮಾಡ್ತಾರೆ!” ಅಂತ ಸ್ಟೋರಿ ಹಾಕೋ ಮುಂಚೆ ನಮ್ಮ ಕಾಸ್ಟಿಂಗ್ ಪಾಠ ಒಂದ್ಸಲ ನೆನಪಿಸ್ಕೊಳ್ರಪ್ಪಾ.

ಮೆಜೆಸ್ಟಿಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ನಾವು ದುಡ್ಡು ಕೊಡೋದು ಆ 35ಕ್ಕೆ. ವಾಪಸ್ ಬಾಡಿಗೆ ಸಿಗದಿದ್ರೆ ಗಾಡಿ ಓಡೋದು 70. ಇಎಂಐ, ಇನ್ಶೂರೆನ್ಸ್ ಎಲ್ಲಾ ಫಿಕ್ಸೆಡ್ ಕಾಸ್ಟ್, ಗಾಡಿ ನಿಂತ್ರೂ ಅವು ನಿಲ್ಲಲ್ಲ. ಖಾಲಿ ಬಂದ್ರೂ ಗ್ಯಾಸ್ ಖರ್ಚಾಗುತ್ತೆ. ಖಾಲಿ ಬರೋದು ಬೇಡ ಅಂದ್ರೆ ಅಲ್ಲೇ ಪಾರ್ಕಿಂಗಲ್ಲಿ ಮುಂದಿನ ಬುಕಿಂಗ್‌ಗೆ ಕಾಯ್ಬೇಕು. ಕಾದ ಗಂಟೆಗಳಿಗೆ ದುಡ್ಡು ಕೊಡೋರು ಯಾರು?

ಬೆಳಗಿನ ಜಾವ ಕ್ಯಾನ್ಸಲ್ ಆದ್ರೆ ಫ್ಲೈಟ್ ತಪ್ಪುತ್ತೆ ಅನ್ನೋ ಭಯ ನಿಜ, ಒಪ್ತೀನಿ. ಆದ್ರೆ ಕೋಪ ಬರಬೇಕಾದ್ದು ಖಾಲಿ ಕಿಲೋಮೀಟರ್‌ನ ಡ್ರೈವರ್ ತಲೆಗೇ ಕಟ್ಟೋ ವ್ಯವಸ್ಥೆ ಮೇಲೆ, ಸ್ಟೀರಿಂಗ್ ಹಿಡಿದ ಅಣ್ಣನ ಮೇಲಲ್ಲ. ವಾಪಸ್ ಖರ್ಚೂ ಸೇರಿಸಿ ದರ ಮೊದಲೇ ತೋರಿಸ್ಲಿ. ಬೇಕಾದೋರು ಬುಕ್ ಮಾಡ್ತಾರೆ.

ಅಲ್ಲಿವರೆಗೂ ನಮ್ಮ ಕೈಲಾಗೋದು ಇಷ್ಟು: ಒಬ್ಬರೇ, ಒಂದೇ ಬ್ಯಾಗ್ ಇದ್ರೆ ಬಿಎಂಟಿಸಿ ವಾಯು ವಜ್ರ ಹತ್ತಿ. ನಾಲ್ಕು ಜನ ಇದ್ರೆ, ಇಲ್ಲಾ ಅಜ್ಜಿ ಜೊತೆಗಿದ್ರೆ ಕ್ಯಾಬೇ ಸರಿ. ಆಗ ಸಾದಹಳ್ಳಿ ಟೋಲ್‌ಗೆ ಚೌಕಾಸಿ ಮಾಡ್ಬೇಡಿ, ಗಾಡಿ ಮನೆ ಮುಂದೆ ಬಂದ್ಮೇಲೆ ಕ್ಯಾನ್ಸಲ್ ಒತ್ಬೇಡಿ.

ಒಪ್ಪಲ್ವಾ? ಕಾಮೆಂಟಲ್ಲಿ ಲೆಕ್ಕ ಹಾಕಿ ತೋರ್ಸಿ. 👇