ತೋಟಕ್ಕೆ ಮದ್ದು, ಬಾಯಿಗೆ ಟಾರ್ಚು

ಮಳೆ ಹಿಡಿಯುವ ಮೊದಲೇ ನಾವು ಅಡಿಕೆ ಗೊನೆಗಳಿಗೆ ಮೈಲುತುತ್ತು–ಸುಣ್ಣದ ಮದ್ದು ಬಿಡುತ್ತೇವೆ. ಮಹಾಳಿ ಹಬ್ಬಿದ ಮೇಲೆ ಎಷ್ಟು ಸಿಂಪಡಿಸಿದರೂ ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ. ಬೇಳ, ಕಯ್ಯಾರು, ವರ್ಕಾಡಿ ಕಡೆಯ ಕೃಷಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಅಡಿಕೆಯನ್ನು ದಿನವಿಡೀ ಜಗಿಯುವ ನಮ್ಮ ಬಾಯಿಯನ್ನು ವರ್ಷಕ್ಕೊಮ್ಮೆಯಾದರೂ ಯಾರಿಗಾದರೂ ತೋರಿಸಿದ್ದೇವೆಯೇ?

ವಿಷಯ ನಮಗೆ ಅಪ್ರಿಯವಾದದ್ದೇ. ಮಕ್ಕಳ ಫೀಸು, ಮನೆಯ ಮದುವೆ, ಸೊಸೈಟಿ ಸಾಲದ ಕಂತು ಎಲ್ಲವೂ ಅಡಿಕೆಯಿಂದಲೇ. ಆದ್ದರಿಂದ “ಹೊಗೆಸೊಪ್ಪು ಕೆಟ್ಟದ್ದು, ಅಡಿಕೆ ನಿರಪರಾಧಿ” ಎಂದು ನಾವೂ ಬಹುಕಾಲ ವಾದಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ಕ್ಯಾನ್ಸರ್‌ಕಾರಕವೆಂದು ಸಾರಿದ್ದು ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನು. ಆದರೆ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಬರೀ ಅಡಿಕೆಯೂ ಅದೇ ಪಟ್ಟಿಗೆ ಸೇರಿದವು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಸುಮಾರು 3,89,800 ಬಾಯಿ ಕ್ಯಾನ್ಸರುಗಳಲ್ಲಿ 1,20,200ಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆಯೇ ಕಾರಣವೆಂದು 2024ರಲ್ಲಿ ಅಂದಾಜಿಸಲಾಯಿತು. ಅವುಗಳಲ್ಲಿ 83,400 ಭಾರತದವು.

ಹೊಸ ಸಂಶೋಧನೆ ಆಗಬೇಕೆಂಬ ಬೆಳೆಗಾರರ ಬೇಡಿಕೆ ತಪ್ಪಲ್ಲ. ಅಡಿಕೆಗೆ ಬೇರೆ ಉಪಯೋಗಗಳನ್ನೂ ಹುಡುಕಬೇಕು. ಆದರೆ ಅದರ ಫಲಿತಾಂಶ ಬರುವವರೆಗೆ ಕೆನ್ನೆಯೊಳಗಿನ ಹುಣ್ಣು ಕಾದು ಕುಳಿತಿರುವುದಿಲ್ಲ. ಅಡಿಕೆಯ ದರ ಕಾಯುವುದು ಒಂದು ಕೆಲಸ, ಮನೆಯವರ ಬಾಯಿ ಕಾಯುವುದು ಇನ್ನೊಂದು. ಮೊದಲನೆಯದಕ್ಕಾಗಿ ಎರಡನೆಯದನ್ನು ಬಿಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಬಾಯಿ ಕಾಯುವ ದಾರಿಯನ್ನು ನಮ್ಮ ರಾಜ್ಯವೇ ಜಗತ್ತಿಗೆ ತೋರಿಸಿದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು 1996ರಲ್ಲಿ ಒಂದು ದೊಡ್ಡ ಪ್ರಯೋಗ ಆರಂಭಿಸಿತು. 35 ವರ್ಷ ದಾಟಿದ ಸುಮಾರು 1,90,000 ಜನ ಅದರಲ್ಲಿದ್ದರು. ಒಂದು ಗುಂಪಿನವರ ಮನೆಗಳಿಗೆ ತರಬೇತಾದ ಆರೋಗ್ಯ ಕಾರ್ಯಕರ್ತರು ಹೋಗಿ ಬಾಯಿ ನೋಡಿದರು. ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದರು. ದುಬಾರಿ ಯಂತ್ರ ಯಾವುದೂ ಬೇಕಾಗಲಿಲ್ಲ. 2005ರಲ್ಲಿ ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು.

ಹಾಗಾದರೆ ನಾವೇನು ಮಾಡೋಣ? ಎಲೆ ತಿನ್ನುವವರು ಮೊದಲು ಹೊಗೆಸೊಪ್ಪು ಬಿಡಲಿ, ಆಮೇಲೆ ಅಡಿಕೆಯನ್ನೂ ಬಿಡಲಿ. ಊಟದಲ್ಲಿ ಸೊಪ್ಪು, ತರಕಾರಿ, ಹಣ್ಣು ಹೆಚ್ಚಲಿ. ತಿಂಗಳಿಗೊಮ್ಮೆ ಕನ್ನಡಿಯೆದುರು ಟಾರ್ಚು ಹಿಡಿದು ಕೆನ್ನೆಯ ಒಳಭಾಗ, ನಾಲಗೆಯ ಅಡಿ, ಒಸಡು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಬಿಗಿತ – ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರಿಗೆ ತೋರಿಸಲು ನಾಚಿಕೆ ಬೇಡ. ಬೇಗ ಕಂಡ ರೋಗಕ್ಕೆ ಚಿಕಿತ್ಸೆಯೂ ಚಿಕ್ಕದು, ಉಳಿಯುವ ಭರವಸೆಯೂ ಹೆಚ್ಚು.

ಪ್ರತಿ ವಾಳೆಯಲ್ಲೂ ವರ್ಷಕ್ಕೊಂದು ಆದಿತ್ಯವಾರ, ಪೂಜೆ ಮುಗಿದ ಮೇಲೆ ಬಾಯಿ ತಪಾಸಣೆಯ ಶಿಬಿರ ನಡೆಯಲಿ. ದಿನ ನೆನಪಿಟ್ಟುಕೊಳ್ಳುವುದೂ ಸುಲಭ: ತೋಟಕ್ಕೆ ಮೊದಲ ಮದ್ದು ಬಿಡುವ ವಾರವೇ ಆಗಲಿ.